ಗ್ರಂಧಿಗೆ ಅಂಗಡಿಯ ಬಣ್ಣದ ಪಾಠ

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಪಿಲೆಯು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ, ಸುತ್ತೂರಿನ ದಡವನ್ನು ಸವರಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ನದಿಯ ಜಾಡನ್ನು ಹಿಡಿದು ನಡೆದವರಿಗೆ ತೀರ್ಥಯಾತ್ರೆಯ ಫಲ ತಾನಾಗಿಯೇ ಒದಗುವುದೆಂದು ಹಿರಿಯರು ಹೇಳುವುದುಂಟು. ನಂಜನಗೂಡಿಗೆ ಹೋದವರು ವಿಭೂತಿ ಗಟ್ಟಿಯನ್ನೂ ರಸಬಾಳೆಯನ್ನೂ ಹೆಸರಾಂತ ಹಲ್ಲುಪುಡಿಯನ್ನೂ ಕೊಂಡುತರುತ್ತಾರೆ. ನರಸೀಪುರಕ್ಕೆ ಹೋದವರು ಸಂಗಮದ ನೀರನ್ನು ತರುತ್ತಾರೆ. ಈ ಕ್ಷೇತ್ರಗಳ ಮಹಿಮೆಯನ್ನು ಬಲ್ಲವರು ಬಹಳವಾಗಿ ಬರೆದಿದ್ದಾರೆ. ನಾವು ಬರೆಯಹೊರಟಿರುವುದು ಅಲ್ಲಿಯೇ ದೊರೆಯುವ, ಆದರೆ ಯಾತ್ರಿಕರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಸರಕನ್ನು ಕುರಿತು. ಆ ಸರಕು ಬಣ್ಣ.

ನಮ್ಮ ಬಂಧುಗಳ ಪೈಕಿ ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ರೈತರ ಮಗಳು ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಜನರು ‘ಕಾವಾ’ ಎಂದು ಚಿಕ್ಕದಾಗಿ ಕರೆಯುವ ಈ ಕಾಲೇಜು ನರಸೀಪುರದ ರಸ್ತೆಯಲ್ಲಿಯೇ ಇದೆ. ಹುಡುಗಿ ಈಗ ಅಂತಿಮ ವರ್ಷಕ್ಕೆ ಬಂದಿದ್ದಾಳೆ. ಮೈಸೂರು ಸಂಪ್ರದಾಯ ಶೈಲಿಯಲ್ಲಿ ಒಂದು ದೊಡ್ಡ ಚಿತ್ರವನ್ನು ಬರೆಯಬೇಕೆಂಬುದು ಅವಳ ಸಂಕಲ್ಪ. ಆದರೆ ಪರದೇಶದ ಟ್ಯೂಬು ಬಣ್ಣಗಳ ಬೆಲೆಯೂ ಚಿನ್ನದ ರೇಕಿನ ಬೆಲೆಯೂ ಅವಳ ಕೈಗೆ ಎಟುಕುವಂತಿರಲಿಲ್ಲ. ತಂದೆಯವರಿಗೂ ಮಗಳ ಓದಿನ ಬಗ್ಗೆ ಸಂದೇಹ ಹುಟ್ಟಿತ್ತು. ‘ಈ ವರ್ಷ ಬಿಡಿಸಿ, ಬೇರೆ ಏನಾದರೂ ಓದಿಸೋಣ’ ಎಂಬ ಮಾತು ಮನೆಯಲ್ಲಿ ನಡೆದಿತ್ತು. ಕಾರ್ತಿಕದ ಒಂದು ಸೋಮವಾರ ನಾವು ನಂಜನಗೂಡಿಗೆ ಹೊರಟಾಗ ಅವಳು, ‘ತಾತ, ನಾನೂ ಬರುತ್ತೇನೆ. ಅಲ್ಲಿ ಒಂದು ಹಳೆಯ ಅಂಗಡಿಯಲ್ಲಿ ಬಣ್ಣದ ಪುಡಿಗಳು ಸಿಗುತ್ತವೆಯಂತೆ’ ಎಂದಳು. ಹಾಗೆ ಇಬ್ಬರೂ ಬಸ್ಸು ಹತ್ತಿದೆವು.

ಪುರಾತನರ ಸಾಲಿನಲ್ಲಿ

ಮೊದಲು ದೇವರ ದರ್ಶನ. ಶ್ರೀಕಂಠೇಶ್ವರ ದೇವಾಲಯವು 385 ಅಡಿ ಉದ್ದ, 160 ಅಡಿ ಅಗಲದ ಭಾರಿ ಕಟ್ಟಡ. ಎದುರಿಗೆ ಏಳು ಅಂತಸ್ತಿನ ರಾಜಗೋಪುರ. ಕಾರ್ತಿಕ ಸೋಮವಾರವಾದ್ದರಿಂದ ಜನಸಂದಣಿ ವಿಪರೀತವಾಗಿತ್ತು. ದರ್ಶನ ಮುಗಿಸಿ ನಾವು ಒಳಪ್ರಾಕಾರದಲ್ಲಿ ಸಾಲಾಗಿ ನಿಂತಿರುವ ಪುರಾತನರ ಶಿಲಾಮೂರ್ತಿಗಳ ಬಳಿಗೆ ಬಂದೆವು. ಅರವತ್ತುಮೂವರು ಪುರಾತನರ ಚರಿತ್ರೆಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಕಥೆಯಾಗಿ ಹೇಳುತ್ತಿದ್ದ ಕಾಲವೊಂದಿತ್ತು. ಅರಸನಿದ್ದಾನೆ, ಕುಂಬಾರನಿದ್ದಾನೆ, ಬೆಸ್ತನಿದ್ದಾನೆ, ಅಗಸನಿದ್ದಾನೆ. ಎಲ್ಲರೂ ಒಂದೇ ಸಾಲು, ಒಂದೇ ಎತ್ತರ.

ಹುಡುಗಿ ಚಿತ್ರಪುಸ್ತಕವನ್ನು ತೆಗೆದು ಬೇಡರ ಕಣ್ಣಪ್ಪನ ಮುಂದೆ ಕುಳಿತಳು. ಶಿವಲಿಂಗದ ಕಣ್ಣಿನಿಂದ ರಕ್ತ ಹರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಟ್ಟ ಬೇಡನ ಕಥೆಯನ್ನು ಅರಿಯದವರುಂಟೆ? ಅವಳು ಬರೆಯಬೇಕೆಂದಿದ್ದ ದೊಡ್ಡ ಚಿತ್ರವೂ ಇದೇ. ‘ಮೈಸೂರು ಶೈಲಿಯಲ್ಲಿ ದೇವದೇವಿಯರಿಗೆಲ್ಲ ಚಿನ್ನದ ಒಡವೆ ಬರೆಯುತ್ತಾರೆ ತಾತ. ಕಣ್ಣಪ್ಪನಿಗೆ ಒಡವೆಯೇ ಇಲ್ಲವಲ್ಲ. ಚಿನ್ನವನ್ನು ಎಲ್ಲಿ ಇಡಲಿ?’ ಎಂದು ಕೇಳಿದಳು. ಪ್ರಶ್ನೆ ಚೆನ್ನಾಗಿತ್ತು. ಉತ್ತರವನ್ನು ಅವಸರದಿಂದ ಕೊಡುವ ಅಗತ್ಯವಿಲ್ಲವೆಂದು ನಾವು ಸುಮ್ಮನಿದ್ದೆವು.

‘ಯಾತಕ್ಕೆ?’ ಎಂದು ಕೇಳುವ ಅಂಗಡಿ

ದೇವಾಲಯದಿಂದ ಸ್ವಲ್ಪ ದೂರದ ಒಂದು ಬೀದಿಯಲ್ಲಿ ಆ ಅಂಗಡಿ. ಚಿತ್ರ ಸಾಮಗ್ರಿಯ ಮಳಿಗೆ ಎಂಬ ಫಲಕವೇನೂ ಅಲ್ಲಿಲ್ಲ. ಅದೊಂದು ಗ್ರಂಧಿಗೆ ಅಂಗಡಿ. ಗಂಧ ಮಾರುವವನು ಗಂಧಿಗ. ಅವನ ಅಂಗಡಿಯೇ ಜನರ ಬಾಯಲ್ಲಿ ಗ್ರಂಧಿಗೆ ಅಂಗಡಿಯಾಯಿತು. ಪೂಜೆಗೆ, ಮದ್ದಿಗೆ, ಮದುವೆಗೆ, ದನಕರುಗಳಿಗೆ ಬೇಕಾದುದೆಲ್ಲ ಒಂದೇ ಸೂರಿನಡಿ. ಬಾಗಿಲಿನ ಮೇಲೆ ಬಾಸಿಂಗಗಳೂ ಕೊರಳ ಗಂಟೆಗಳೂ ಒಟ್ಟಿಗೆ ತೂಗುತ್ತಿದ್ದವು. ಒಳಗೆ ಶಿವದಾರ, ವಿಭೂತಿ, ಲಾವಂಚ, ಗುಗ್ಗುಳ, ಅಳಲೆಕಾಯಿ, ಅಂಟುವಾಳ, ಸೀಗೆಕಾಯಿ. ನಡುವೆ ಎಪ್ಪತ್ತು ದಾಟಿದ ಯಜಮಾನರು, ಎದುರಿಗೆ ಹಳೆಯ ಪತ್ರಿಕೆಗಳ ರಾಶಿ.

ಈ ಯಜಮಾನರದು ಒಂದು ವಿಚಿತ್ರ ನಿಯಮ. ಏನನ್ನು ಕೇಳಿದರೂ ‘ಯಾತಕ್ಕೆ?’ ಎಂದು ಕೇಳದೆ ಕೊಡುವುದಿಲ್ಲ. ನಮ್ಮ ಮುಂದೆ ನಿಂತಿದ್ದ ಹೆಂಗಸೊಬ್ಬಳು ಪಟಿಕ ಕೇಳಿದಳು. ‘ಯಾತಕ್ಕೆ?’ ‘ನೀರು ತಿಳಿಯಾಗೋಕೆ.’ ಕೊಟ್ಟರು. ರೈತನೊಬ್ಬ ಮೈಲುತುತ್ತ ಕೇಳಿದ. ‘ಯಾತಕ್ಕೆ?’ ‘ಗಿಡಕ್ಕೆ ಹೊಡೆಯೋಕೆ.’ ಸುಣ್ಣದೊಡನೆ ಬೆರೆಸುವ ಕ್ರಮವನ್ನು ಎರಡು ಸಲ ಹೇಳಿ ಕೊಟ್ಟರು. ಹುಡುಗಿ ತನ್ನ ಚೀಟಿಯನ್ನು ಮುಂದಿಟ್ಟಾಗಲೂ ಅದೇ ಪ್ರಶ್ನೆ ಬಂತು. ‘ಚಿತ್ರ ಬರೆಯೋಕೆ’ ಎಂದಳು. ಯಜಮಾನರು ಕನ್ನಡಕವನ್ನು ಹಣೆಗೆ ಏರಿಸಿ, ‘ಹಾಗಾದರೆ ಒಳಗೆ ಬಾ ತಾಯಿ’ ಎಂದರು.

ನಿಯಮದ ಹಿಂದಿನ ವಿವೇಕವನ್ನು ಅವರೇ ತಿಳಿಸಿದರು: ‘ಈ ಅಂಗಡಿಯ ಒಂದೇ ಪದಾರ್ಥ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಬಣ್ಣ, ಮತ್ತೊಬ್ಬರಿಗೆ ವಿಷ ಸ್ವಾಮಿ. ಕೇಳದೆ ಹೇಗೆ ಕೊಡಲಿ?’ ರೇವನಚಿನ್ನಿ ಹಾಲಿನ ಒಂದು ತುಂಡನ್ನು ಅವರು ಅಂಗೈಯಲ್ಲಿಟ್ಟು ತೋರಿಸಿದರು. ಅದು ಮರದಿಂದ ಒಸರುವ ಹಳದಿ ಅಂಟು. ವೈದ್ಯರಿಗೆ ತೀಕ್ಷ್ಣವಾದ ಭೇದಿಯ ಮದ್ದು. ಚಿತ್ರಗಾರರಿಗೆ ಬಂಗಾರದಂತೆ ಹೊಳೆಯುವ ಬಣ್ಣ. ಹರಿದಾಳದಲ್ಲಿ ಪಾಷಾಣವಿದೆ, ಇಂಗಲೀಕದಲ್ಲಿ ಪಾದರಸವಿದೆ, ಹಳೆಯ ಸಫೇದದಲ್ಲಿ ಸೀಸವಿದೆ. ಕುಂಚದ ತುದಿಯನ್ನು ನಾಲಗೆಯಿಂದ ಚೂಪು ಮಾಡಿಕೊಳ್ಳುವ ಅಭ್ಯಾಸ ಹಿಂದಿನ ಎಷ್ಟು ಚಿತ್ರಗಾರರ ಆರೋಗ್ಯಕ್ಕೆ ಎರವಾಗಿರಬಹುದೋ! ಹುಡುಗಿ ಬರೆದುತಂದಿದ್ದ ಪಟ್ಟಿಯಿಂದ ಹರಿದಾಳವನ್ನೂ ಇಂಗಲೀಕವನ್ನೂ ಯಜಮಾನರು ತಾವೇ ಹೊಡೆದುಹಾಕಿದರು. ಸೀಸದ ಸಫೇದದ ಬದಲು ಸತುವಿನ ಸಫೇದವನ್ನು ಕಟ್ಟಿಕೊಟ್ಟರು. ‘ಚಿತ್ರ ಉಳಿಯಬೇಕು, ಬರೆದವಳೂ ಉಳಿಯಬೇಕು’ ಎಂಬುದು ಅವರ ಮಾತು.

ಕುಂಚದ ವಿಷಯದಲ್ಲಿಯೂ ಹಾಗೆಯೇ. ಹಿಂದೆ ಸೂಕ್ಷ್ಮ ರೇಖೆಗಳಿಗೆ ಅಳಿಲಿನ ಕೂದಲ ಕುಂಚವನ್ನು ಬಳಸುತ್ತಿದ್ದರು. ಮುಂಗುಸಿಯ ಕೂದಲ ಕುಂಚಗಳಿಗೂ ಬಹಳ ಬೇಡಿಕೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಮುಂಗುಸಿಯ ಕೂದಲ ವ್ಯಾಪಾರ ಅಪರಾಧ. ‘ಒಂದು ಗೆರೆಗಾಗಿ ಒಂದು ಜೀವ ಏಕೆ? ನೈಲಾನಿನದೇ ಸಾಕು’ ಎಂದು ಅವರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಗೂಡುಗಳು ಹೇಳಿದ ಸತ್ಯ

ಅಂಗಡಿಯ ಒಳಗೋಡೆಗೆ ಮರದ ಗೂಡುಪೆಟ್ಟಿಗೆಗಳ ಮೂರು ಸಾಲು. ಯಾವುದರ ಮೇಲೂ ಹೆಸರಿಲ್ಲ. ಯಜಮಾನರ ತಂದೆಯವರಿಗೆ ಓದುಬರಹ ಬಾರದು. ಆದ್ದರಿಂದ ಅವರು ಯಾವ ಪೆಟ್ಟಿಗೆಯಲ್ಲಿ ಯಾವ ಬಣ್ಣವಿದೆಯೋ ಅದನ್ನೇ ಅಂಟಿನಲ್ಲಿ ಕಲಸಿ ಹೆಬ್ಬೆರಳಿನಿಂದ ಮುಂಭಾಗಕ್ಕೆ ಒಂದು ಬೊಟ್ಟು ಒತ್ತಿದ್ದರು. ಅದೇ ವಿಳಾಸ. ಆ ಬೊಟ್ಟುಗಳಿಗೆ ಅರವತ್ತು ವರ್ಷಕ್ಕೂ ಮೇಲ್ಪಟ್ಟ ವಯಸ್ಸು.

ಹುಡುಗಿ ಅವುಗಳ ಮುಂದೆ ಬಹಳ ಹೊತ್ತು ನಿಂತಳು. ಬೆಳಗಿನ ಬಿಸಿಲು ಬಾಗಿಲಿನಿಂದ ನೇರವಾಗಿ ಮೊದಲ ಸಾಲಿನ ಮೇಲೆ ಬೀಳುತ್ತದೆ. ಆ ಸಾಲಿನಲ್ಲಿ ಅರಿಸಿನದ ಬೊಟ್ಟಿದ್ದ ಸ್ಥಳದಲ್ಲಿ ಈಗ ಬರಿಯ ಮರವಿದೆ. ಕುಂಕುಮದ ಬೊಟ್ಟು ಕಂದಿ ಮಾಸಿದೆ. ಪಕ್ಕದ ಕಾವಿಮಣ್ಣಿನ ಬೊಟ್ಟು ಮಾತ್ರ ನಿನ್ನೆ ಒತ್ತಿದಂತೆ ಕೆಂಪಾಗಿದೆ. ಕಾಡಿಗೆಯ ಕಪ್ಪು ಕಪ್ಪಾಗಿಯೇ ಇದೆ. ಒಳಗಿನ ನೆರಳಿನ ಸಾಲಿನಲ್ಲಿ ನೀಲಿಯು ಉಳಿದಿದೆ. ‘ತಾತ, ಯಾವ ಬಣ್ಣ ಬಿಸಿಲಿಗೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ತಿಳಿಯುವುದಕ್ಕೆ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಆ ಪರೀಕ್ಷೆ ಅರವತ್ತು ವರ್ಷದಿಂದ ನಡೆಯುತ್ತಲೇ ಇದೆ’ ಎಂದು ಅವಳು ಸಂಭ್ರಮದಿಂದ ಪ್ರತಿಯೊಂದು ಬೊಟ್ಟನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ಇದು ವಿಚಾರ ಮಾಡಬೇಕಾದ ಸಂಗತಿ. ಅರಿಸಿನವು ಕಣ್ಣಿಗೆ ಕಾವಿಗಿಂತ ಉಜ್ವಲ. ಆದರೆ ಅದು ಗಿಡದ ಬಣ್ಣ. ಬಿಸಿಲು ಅದನ್ನು ತಿನ್ನುತ್ತದೆ. ಕಾವಿಯು ಮಣ್ಣಿನ ಬಣ್ಣ. ಅದರ ಕೆಂಪಿಗೆ ಕಾರಣವಾದ ಕಬ್ಬಿಣದ ಅಂಶವನ್ನು ಬಿಸಿಲಾಗಲಿ ಗಾಳಿಯಾಗಲಿ ಕೆಡಿಸಲಾರದು. ಮಠಗಳಲ್ಲಿ ವಸ್ತ್ರಕ್ಕೆ ಕಾವಿಯನ್ನು ಹಾಕುವಾಗ ಆ ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ಕೆಳಗೆ ನಿಂತ ಮೇಲೆ ಮೇಲಿನ ತಿಳಿಗೆಂಪನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳುವುದನ್ನು ನಾವು ಬಾಲ್ಯದಿಂದ ಕಂಡಿದ್ದೇವೆ. ಚಿತ್ರಗಾರರು ಮಣ್ಣಿನ ಬಣ್ಣವನ್ನು ಶುದ್ಧಿ ಮಾಡುವ ಕ್ರಮವೂ ಅದೇ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳಿಗೆ ಸವರುತ್ತಿದ್ದ ದೀಪದ ಮಸಿಯೂ, ಚಿತ್ರದ ಕಣ್ಣುಗುಡ್ಡೆಗೆ ತುಂಬುವ ಕಪ್ಪೂ ಒಂದೇ. ವಿದ್ಯೆಗೂ ಕಲೆಗೂ ಒಂದೇ ಅಂಗಡಿಯಿಂದ ಸಾಮಗ್ರಿ ಹೋಗುತ್ತಿತ್ತು.

ಪಟ್ಟಿಯಲ್ಲಿ ಹಸಿರು ಇತ್ತು. ‘ಹಸಿರು ನಾನು ಮಾರೋದಿಲ್ಲ’ ಎಂದರು ಯಜಮಾನರು. ನೀಲಿಯ ಒಂದು ಪೊಟ್ಟಣ, ಹಳದಿಯ ಒಂದು ಪೊಟ್ಟಣ ಮುಂದಿಟ್ಟು, ‘ಇವೆರಡನ್ನೂ ಕೂಡಿಸು. ಎಷ್ಟು ಬಗೆಯ ಹಸಿರು ಬೇಕೋ ಅಷ್ಟು ಬರುತ್ತೆ’ ಎಂದರು. ಬಟ್ಟೆಗೆ ಹಾಕುವ ನೀಲಿ ಬೇರೆ, ಗಿಡದ ನೀಲಿ ಬೇರೆ ಎಂಬುದನ್ನೂ ಎರಡನ್ನು ಕಾಗದದ ಮೇಲೆ ಉಜ್ಜಿ ತೋರಿಸಿದರು. ಅಂಟು, ಕಾವಿ, ನೀಲಿ, ರೇವನಚಿನ್ನಿ, ಸಫೇದ, ಕಾಡಿಗೆ ಎಲ್ಲ ಕೂಡಿ 450 ರೂಪಾಯಿ ಆಯಿತು. ಅವಳು ಟ್ಯೂಬು ಬಣ್ಣಗಳಿಗೆಂದು ಲೆಕ್ಕ ಹಾಕಿದ್ದ ಹಣದ ಎದುರು ಇದು ಅತ್ಯಲ್ಪ. ಯಜಮಾನರ ಮಗ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ‘ನಮ್ಮ ನಂತರ?’ ಎಂದು ಕೇಳಿದೆವು. ಅವರು ಗೂಡುಪೆಟ್ಟಿಗೆಗಳ ಕಡೆ ನೋಡಿ, ‘ಹೆಸರು ಬರೆದಿಲ್ಲವಲ್ಲ ಸ್ವಾಮಿ, ಗೊತ್ತಿರೋರು ಬೇಕು’ ಎಂದಷ್ಟೇ ಹೇಳಿದರು.

ಮೈಸೂರು ಶೈಲಿಯ ಕ್ರಮ

ಇಲ್ಲಿ ಮೈಸೂರು ಚಿತ್ರಕಲೆಯ ಬಗ್ಗೆ ನಾಲ್ಕು ಮಾತು ಹೇಳುವುದು ಉಚಿತ. 1565ರಲ್ಲಿ ವಿಜಯನಗರವು ಪತನವಾದ ಮೇಲೆ ಅಲ್ಲಿನ ಚಿತ್ರಗಾರರ ಕುಟುಂಬಗಳು ಚದುರಿಹೋದವು. ಅವರಲ್ಲಿ ಕೆಲವರಿಗೆ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಶ್ರಯ ನೀಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆ ಶಿಖರವನ್ನು ಮುಟ್ಟಿತು. ಅವರು ರಚಿಸಿದ ಶ್ರೀತತ್ತ್ವನಿಧಿಯು ದೇವತಾಮೂರ್ತಿಗಳ ಲಕ್ಷಣವನ್ನು ಚಿತ್ರಸಹಿತವಾಗಿ ತಿಳಿಸುವ ಮಹಾಗ್ರಂಥ. 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಹಲಗೆಗೆ ಕಾಗದವನ್ನು ಅಂಟಿಸಿ, ಹುಣಿಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆಯನ್ನು ಎಳೆಯುವುದು ಮೊದಲ ಹೆಜ್ಜೆ. ಆಮೇಲೆ ಹಿನ್ನೆಲೆಯ ಬಣ್ಣಗಳು. ಒಡವೆ, ಕಿರೀಟ, ಪ್ರಭಾವಳಿ ಬರುವ ಕಡೆ ರೇವನಚಿನ್ನಿ ಹಾಲನ್ನೂ ಸಫೇದವನ್ನೂ ಅರೆದ ‘ಮಕ್ಕು’ ಎಂಬ ಲೇಪವನ್ನು ಕುಂಚದಿಂದ ತೆಳುವಾಗಿ ಎತ್ತರಿಸುತ್ತಾರೆ. ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ, ತೆಳುಕಾಗದವನ್ನು ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜಿದರೆ ಚಿನ್ನಕ್ಕೆ ಹೊಳಪು ಬರುತ್ತದೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಕಲ್ಲುಹರಳುಗಳ ಅಲಂಕಾರವೂ ಹೆಚ್ಚು. ಮೈಸೂರಿನದು ಮೃದು, ಬೆರಳಾಡಿಸಿದರೆ ಮಾತ್ರ ಉಬ್ಬು ತಿಳಿಯಬೇಕು.

ಗುಲಗಂಜಿಯಷ್ಟು ಚಿನ್ನ

ಮಧ್ಯಾಹ್ನದ ಪ್ರಸಾದವನ್ನು ಮುಗಿಸಿಕೊಂಡು ನರಸೀಪುರದ ಕಡೆ ಹೊರಟೆವು. ದಾರಿಯಲ್ಲಿ ಸುತ್ತೂರಿನ ಮಾತು ಬಂತು. ಅಲ್ಲಿನ ಜಾತ್ರೆಯಲ್ಲಿ ಕುಸ್ತಿ, ಕೃಷಿಮೇಳಗಳೊಡನೆ ಚಿತ್ರಸಂತೆಯೂ ನಡೆಯುತ್ತದೆ. ಎತ್ತಿನ ಗಾಡಿಯಲ್ಲಿ ಬಂದ ರೈತರು ನಿಂತು ಚಿತ್ರಗಳನ್ನು ನೋಡುತ್ತಾರೆ. ನರಸೀಪುರದಲ್ಲಿಯೂ 1989ರಿಂದ ಸಂಗಮದ ಕುಂಭಮೇಳ ನಡೆದುಕೊಂಡು ಬಂದಿದ್ದು, 2025ರ ಫೆಬ್ರವರಿಯಲ್ಲಿ ಜರುಗಿತು. ನಾವು ಹೋದ ದಿನ ಮಾತ್ರ ಸಂಗಮ ಶಾಂತವಾಗಿತ್ತು. ಕಾವೇರಿಯ ನೀರಿನ ಬಣ್ಣವೂ ಕಪಿಲೆಯ ನೀರಿನ ಬಣ್ಣವೂ ಕೂಡುವಲ್ಲಿ ಹುಡುಗಿ ಕೆಲವು ಗೆರೆಗಳನ್ನು ಎಳೆದುಕೊಂಡಳು.

ಕಪಿಲೆಯ ದಡದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿ ನೋಡಿದರೆ ಇದು ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆ ಎಂಬುದು ಐತಿಹ್ಯ. ಗುಲಗಂಜಿಯು ಅಕ್ಕಸಾಲಿಗರ ಹಳೆಯ ತೂಕದ ಬೀಜ. ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಅಷ್ಟು ಚಿನ್ನವನ್ನು ಬಡಿದು ರೇಕು ಮಾಡಿದರೆ ಎಷ್ಟು ಅಗಲವಾದೀತು? ಬಹಳ ತೆಳುವಾದ ರೇಕಿನ ಲೆಕ್ಕದಲ್ಲಿ ಒಂದು ಗೇಣಿಗಿಂತ ತುಸು ಹೆಚ್ಚು ಉದ್ದ, ಅಷ್ಟೇ ಅಗಲದ ಹಾಳೆಯಾಗುತ್ತದೆ. ಈ ಲೆಕ್ಕವನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅನಂತರ, ‘ನನಗೆ ಅದರಲ್ಲಿ ಕಾಲುಭಾಗವೂ ಬೇಡ ತಾತ. ಕಣ್ಣಪ್ಪನ ಮೈಗೆಲ್ಲ ಕಾವಿಯನ್ನೇ ಬಳಿಯುತ್ತೇನೆ. ಲಿಂಗದ ಮೇಲೆ ಅವನು ಇಟ್ಟ ಕಣ್ಣಿಗೆ ಮಾತ್ರ ಚಿನ್ನ’ ಎಂದಳು. ಬೆಳಗ್ಗೆ ಕೇಳಿದ ಪ್ರಶ್ನೆಗೆ ಅವಳೇ ಉತ್ತರ ಕಂಡುಕೊಂಡಿದ್ದಳು. ಚಿನ್ನದ ಖರ್ಚಿನ ಭಯವೂ ಅಲ್ಲಿಗೆ ತೀರಿತು.

ತಂದೆಯ ಪ್ರಶ್ನೆ

ಸಂಜೆಗೆ ಅವಳ ಹಳ್ಳಿಯನ್ನು ಸೇರಿದೆವು. ಕೈಕಾಲು ತೊಳೆದು ಕುಳಿತ ಮೇಲೆ ಅವಳ ತಂದೆ ನೇರವಾಗಿಯೇ ಕೇಳಿದರು: ‘ಗುರುಗಳೇ, ಬಣ್ಣ ಬಳಿಯೋದರಿಂದ ಹೊಟ್ಟೆ ತುಂಬುತ್ತದೆಯೇ?’ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಳೆಯನ್ನು ನಂಬಿ ಬದುಕುವ ಮನೆಯವರು ಕೇಳಬೇಕಾದ ಪ್ರಶ್ನೆಯೇ ಅದು. ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ವೃತ್ತಿಯುಂಟು, ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸವುಂಟು, ದೇವಾಲಯ ಮತ್ತು ಅರಮನೆಗಳ ಹಳೆಯ ಚಿತ್ರಗಳನ್ನು ಸಂರಕ್ಷಿಸುವ ಕೆಲಸಕ್ಕೆ ಬಣ್ಣದ ಗುಣ ಬಲ್ಲವರು ಬೇಕು ಎಂದು ಹೇಳಿದೆವು. ಆದರೆ ನಿಶ್ಚಿತವಾದ ಸಂಬಳದ ಭರವಸೆಯನ್ನು ನಾವು ಕೊಡಲಾರೆವು ಎಂಬುದನ್ನೂ ಸೇರಿಸಿದೆವು.

ಅಷ್ಟರಲ್ಲಿ ಹುಡುಗಿ ಪೊಟ್ಟಣಗಳನ್ನು ಬಿಚ್ಚಿದಳು. ತಂದೆ ಕಾವಿಯ ಪೊಟ್ಟಣಕ್ಕೆ ಬೆರಳು ಹಾಕಿ, ತಿಕ್ಕಿ ನೋಡಿ, ‘ಇದಕ್ಕೆ ದುಡ್ಡು ಕೊಟ್ಟೆಯಾ? ನಮ್ಮ ಮೇಗಳ ಹೊಲದ ಬದುವಿನಲ್ಲಿ ಇದಕ್ಕಿಂತ ಕೆಂಪು ಮಣ್ಣಿದೆ. ಸಂಕ್ರಾಂತಿಗೆ ಗೋಡೆಗೆ ಕಾರಣೆ ಬಿಡೋದು ಅದರಲ್ಲೇ ಅಲ್ಲವೇ?’ ಎಂದರು. ಮಾತು ಅಲ್ಲಿಂದ ಎತ್ತಿನ ಕೊಂಬಿನ ಬಣ್ಣಕ್ಕೆ ಹೋಯಿತು, ಮನೆಯಾಕೆಯ ರಂಗೋಲಿಗೆ ಹೋಯಿತು. ಬಣ್ಣವೆಂಬುದು ಆ ಮನೆಗೆ ಹೊಸದಾಗಿರಲಿಲ್ಲ. ಅದು ಓದಿನ ವಿಷಯವಾಗಬಹುದೆಂಬುದು ಮಾತ್ರ ಹೊಸದಾಗಿತ್ತು. ಮರುದಿನ ಬೆಳಗ್ಗೆ ನಾವು ಹೊರಡುವ ಹೊತ್ತಿಗೆ ತಂದೆ ಬದುವಿನಿಂದ ಕೆಮ್ಮಣ್ಣನ್ನು ಅಗೆದು, ಕಲ್ಲು ಆರಿಸಿ, ಡಬ್ಬಿಯೊಂದರಲ್ಲಿ ತುಂಬಿ ತಂದು ಮಗಳ ಚೀಲದ ಪಕ್ಕದಲ್ಲಿಟ್ಟರು. ಓದನ್ನು ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ಕುಟುಂಬಗಳಲ್ಲಿ ಮಕ್ಕಳು ವೈದ್ಯರೋ ಎಂಜಿನಿಯರೋ ಆಗಲೆಂದು ಹಾರೈಸುವುದು ಸಹಜ, ಅದು ತಪ್ಪೂ ಅಲ್ಲ. ಆದರೆ ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಮನೆಗಳಲ್ಲಿ ಒಂದು ಮಗುವಿನ ಕೈ ಕುಂಚದ ಕಡೆಗೆ ಹೋದಾಗ ಅದನ್ನು ಕೀಳೆಂದು ಕಾಣಬಾರದು. ಅಂಥ ಮಗುವಿರುವ ಮನೆಯವರು ಬಿಡುವಿನ ದಿನ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಹಳೆಯ ಗ್ರಂಧಿಗೆ ಅಂಗಡಿಗೆ ಆ ಮಗುವನ್ನು ಕರೆದುಕೊಂಡು ಹೋಗಲಿ. ಯಜಮಾನರ ಬಳಿ ಕೂರಿಸಿ, ಯಾವುದು ಏನು, ಯಾತಕ್ಕೆ, ಎಷ್ಟು ಎಂಬುದನ್ನು ಕೇಳಿ ಬರೆದುಕೊಳ್ಳಲು ಹೇಳಲಿ. ಪುಸ್ತಕದಲ್ಲಿಲ್ಲದ ವಿದ್ಯೆ ಆ ಗೂಡುಗಳಲ್ಲಿದೆ. ಅವುಗಳ ಮೇಲೆ ಹೆಸರು ಬರೆದಿರುವುದಿಲ್ಲ. ಹೆಸರು ಬಲ್ಲವರು ಇರುವಾಗಲೇ ಹೋಗಬೇಕು.